ಬೆಕ್ಕಿನ ವಾಯುವಿಹಾರ

ಮನುಷ್ಯನ ಅತ್ಯಂತ ಹಳೆಯ ಸಲಕರಣೆಗಳಲ್ಲಿ ಹಗ್ಗವೂ ಒಂದು. ಎತ್ತಿಗೆ ಮೂಗುದಾರ, ಕರುವಿಗೆ ಕಣ್ಣಿ, ಕುದುರೆಗೆ ಲಗಾಮು, ನಾಯಿಗೆ ಕೊರಳಪಟ್ಟಿ ಎಂದು, ಮನೆಯಂಗಳಕ್ಕೆ ಬಂದ ಪ್ರತಿಯೊಂದು ಪ್ರಾಣಿಗೂ ಅದರದರ ಯೋಗ್ಯತೆಗೆ ತಕ್ಕ ಬಂಧನವೊಂದನ್ನು ಅವನು ಯೋಚಿಸಿಟ್ಟಿದ್ದಾನೆ. ಇವೆಲ್ಲದರಿಂದ ಬಹುಕಾಲ ತಪ್ಪಿಸಿಕೊಂಡು ನಿಂತದ್ದು ಬೆಕ್ಕೊಂದೇ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರಾರು ಎಂಬ ಪ್ರಶ್ನೆ ಹುಟ್ಟಿದ್ದು ಇಲಿಗಳ ಸಭೆಯಲ್ಲಿ ಎಂದು ಕತೆ ಹೇಳುತ್ತದೆ. ಮನುಷ್ಯರ ಸಭೆಯಲ್ಲಿ ಆ ಪ್ರಶ್ನೆಯನ್ನು ಕೇಳುವ ಗೋಜಿಗೇ ಯಾರೂ ಹೋಗಿರಲಿಲ್ಲ.

ಕನ್ನಡ ಮನೆಗಳಲ್ಲಿ ಬೆಕ್ಕಿಗೆ ಬಂಧನವಾದುದಕ್ಕೆ ಎಲ್ಲರ ನಾಲಿಗೆಯ ಮೇಲಿರುವ ದೃಷ್ಟಾಂತವೆಂದರೆ ಶ್ರಾದ್ಧದ ಬೆಕ್ಕಿನದು. ತಂದೆ ಶ್ರಾದ್ಧ ಮಾಡುವಾಗ ಮನೆಯ ಬೆಕ್ಕು ಎಡೆಗೆ ಬಾಯಿ ಹಾಕೀತೆಂದು ಅದನ್ನು ಬುಟ್ಟಿಯ ಕೆಳಗೆ ಕವುಚಿಡುತ್ತಿದ್ದನಂತೆ. ಅವನು ಕಾಲವಾದ ಮೇಲೆ ಮಗನ ಸರದಿ ಬಂದಿತು. ಮನೆಯಲ್ಲಿ ಬೆಕ್ಕಿರಲಿಲ್ಲ. ಪಕ್ಕದ ಮನೆಯಿಂದ ಬೆಕ್ಕೊಂದನ್ನು ಬೇಡಿ ತಂದು, ಬುಟ್ಟಿಯ ಕೆಳಗೆ ಕವುಚಿ, ಆಮೇಲೆ ಅವನು ಸಂಕಲ್ಪಕ್ಕೆ ಕುಳಿತನಂತೆ. ಕಾರಣವನ್ನು ಮರೆತು ಆಚಾರವನ್ನು ಮಾತ್ರ ಉಳಿಸಿಕೊಳ್ಳುವವರನ್ನು ಕುರಿತು ಹಿರಿಯರು ಈ ಕತೆಯನ್ನು ಹೇಳಿ ನಗುತ್ತಿದ್ದರು. ಆ ಬುಟ್ಟಿಯನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು. ಮುಂದೆ ಅದರಿಂದ ಪ್ರಯೋಜನವುಂಟು.

ಬೆಕ್ಕಿಗೆ ಹಗ್ಗವಿಲ್ಲದೆ ಹೋದುದಕ್ಕೆ ಅದರ ಇತಿಹಾಸದಲ್ಲಿಯೇ ಕಾರಣವಿದೆ. ಉಳಿದ ಪ್ರಾಣಿಗಳನ್ನು ಮನುಷ್ಯನು ಹಿಡಿದು ತಂದನು, ಬೆಕ್ಕು ತಾನಾಗಿ ಬಂದಿತು. ಅವನು ಕಾಳು ಬೆಳೆದು ಕಣಜ ಕಟ್ಟಿದಾಗ ಕಾಳಿನ ಹಿಂದೆ ಇಲಿ ಬಂದಿತು, ಇಲಿಯ ಹಿಂದೆ ಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳಷ್ಟು ಹಳೆಯದಾದ ಸಮಾಧಿಯೊಂದರಲ್ಲಿ ಮನುಷ್ಯನ ಮಗ್ಗುಲಿಗೇ ಬೆಕ್ಕೊಂದನ್ನು ಹೂಳಿದ್ದ ಸಂಗತಿಯನ್ನು ಫ್ರಾನ್ಸಿನ ಪ್ರಾಕ್ತನಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದರು. ಅಷ್ಟು ದೀರ್ಘಕಾಲದ ಸಹವಾಸದಲ್ಲಿಯೂ ಬೆಕ್ಕು ಮನೆಗೆ ಬಂದು ಹೋಗುವ ನೆಂಟನಾಗಿ ಉಳಿಯಿತೇ ಹೊರತು ಕೊಟ್ಟಿಗೆಯ ಆಳಾಗಲಿಲ್ಲ.

ಈಗ ಆ ನೆಂಟನಿಗೂ ಹಗ್ಗ ಬಂದಿದೆ. ನಗರಗಳಲ್ಲಿ ಮನೆಯೆಂಬುದು ನಾಲ್ಕನೆಯ ಅಂತಸ್ತಿನ ಎರಡು ಕೋಣೆಗಳಾದ ಮೇಲೆ, ಅಲ್ಲಿ ಹುಟ್ಟಿ ಬೆಳೆದ ಬೆಕ್ಕು ಮಣ್ಣನ್ನೇ ಮುಟ್ಟದೆ ಮುದಿಯಾಗುವುದುಂಟು. ಕಿಟಕಿಯ ಸರಳಿನ ಸಂದಿಯಿಂದ ಪಾರಿವಾಳಗಳನ್ನು ನೋಡುತ್ತ ಅದು ಹಲ್ಲು ಕಟಕಟಿಸುವುದನ್ನು ಕಂಡು ಮನೆಯವರ ಮನಸ್ಸು ಕರಗುತ್ತದೆ. ಅಷ್ಟರಲ್ಲಿ ದೂರದೇಶದ ಬೆಕ್ಕುಗಳು ಎದೆಗೆ ಪಟ್ಟಿ ಧರಿಸಿ, ಯಜಮಾನರೊಡನೆ ಗುಡ್ಡ ಹತ್ತುವ ಚಿತ್ರಗಳು ಮೊಬೈಲಿನ ಪರದೆಯ ಮೇಲೆ ತೇಲಿಬರುತ್ತವೆ. ಬೆರಳೊಂದನ್ನು ಒತ್ತಿದರೆ ಸಾಕು, ನಾಲ್ಕೈದು ದಿನಗಳಲ್ಲಿ ಹಾರ್ನೆಸ್ ಎಂಬ ಆ ಎದೆಪಟ್ಟಿ ಹೊಸ್ತಿಲಿಗೆ ಬಂದು ಬೀಳುತ್ತದೆ. ಕೊರಳಿಗೊಂದು ಸುತ್ತು, ಮುಂಗಾಲುಗಳ ಹಿಂದೆ ಎದೆಗೊಂದು ಸುತ್ತು, ಬೆನ್ನಿನ ಮೇಲೊಂದು ಕೊಂಡಿ, ಕೊಂಡಿಗೊಂದು ದಾರ. ಇದರ ಹಿಂದಿರುವುದು ಪ್ರೀತಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪಕ್ಕದ ಮನೆಯಿಂದ ಬೆಕ್ಕು ಬೇಡಿ ತಂದ ಮಗನಲ್ಲಿಯೂ ಪ್ರೀತಿಗೆ ಕೊರತೆಯಿರಲಿಲ್ಲ. ಯಾವುದೋ ದೇಶದ ನಿರ್ಜನ ಕಾಡುದಾರಿಯಲ್ಲಿ ನಡೆಯುವ ಆಚಾರವನ್ನು ಅದರ ಕಾರಣಗಳನ್ನು ಬಿಟ್ಟು ತಂದು ನಮ್ಮ ಓಣಿಯಲ್ಲಿ ನಡೆಸಿದರೆ ಏನಾದೀತು ಎಂಬುದಷ್ಟೇ ಇಲ್ಲಿ ಯೋಚಿಸತಕ್ಕ ಮಾತು.

ಇದಕ್ಕೆ ಬೆಂಗಳೂರಿಗಿಂತ ಕಲಬುರಗಿ ಜಿಲ್ಲೆಯೇ ಒಳ್ಳೆಯ ಪಾಠಶಾಲೆ. ಸರ್ಕಾರಿ ನೌಕರನೊಬ್ಬನು ಹೆಂಡತಿ, ಹನ್ನೆರಡು ವರ್ಷದ ಮಗಳು ಮತ್ತು ಬೆಳ್ಳಿ ಎಂಬ ಬೂದುಬಣ್ಣದ ಬೆಕ್ಕಿನೊಡನೆ ಬೆಂಗಳೂರಿನಿಂದ ಆಳಂದಕ್ಕೆ, ಅಲ್ಲಿಂದ ಅಫಜಲಪುರಕ್ಕೆ, ಕಡೆಗೆ ಜೇವರ್ಗಿಗೆ ವರ್ಗವಾದನೆಂದು ಇಟ್ಟುಕೊಳ್ಳಬಹುದು. ವರ್ಗಾವಣೆಯ ಆಜ್ಞೆಗಳು ನದಿಯ ಹರಿವನ್ನು ನೋಡಿ ಹೊರಡುವುದಿಲ್ಲ, ಆದರೂ ಈ ಸಂಸಾರ ಸಾಗಿದ್ದು ನೀರಿನ ದಾರಿಯಲ್ಲಿಯೇ. ಆಳಂದ ಸೀಮೆಯ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಹರಿದು ಜೇವರ್ಗಿಯ ಸೀಮೆಯನ್ನು ಮುಟ್ಟುತ್ತದೆ. ಆ ಮೂರು ಊರುಗಳಲ್ಲಿ ಬೆಳ್ಳಿಗೆ ಒದಗಿದ ಮೂರು ಪ್ರಸಂಗಗಳಲ್ಲಿ ಈ ವಿಷಯದ ಸಾರವೆಲ್ಲ ಅಡಗಿದೆ.

ಪ್ರಸಂಗಗಳಿಗೆ ಮೊದಲು ಇನ್ನೊಂದು ಹಳೆಯ ನೀತಿಕತೆಯ ಮಾತು. ಈಸೋಪನ ಹೆಸರಿನಲ್ಲಿ ಪ್ರಚಾರದಲ್ಲಿರುವ ಆ ಕತೆಯಲ್ಲಿ ನರಿ ತನಗೆ ನೂರು ಉಪಾಯಗಳು ಗೊತ್ತೆಂದು ಜಂಬ ಕೊಚ್ಚುತ್ತದೆ. ಬೆಕ್ಕು ತನಗೆ ಗೊತ್ತಿರುವುದು ಒಂದೇ ಎನ್ನುತ್ತದೆ. ಬೇಟೆನಾಯಿಗಳು ಬಂದಾಗ ಬೆಕ್ಕು ಸರ್ರನೆ ಮರ ಹತ್ತುತ್ತದೆ, ನರಿ ಯಾವ ಉಪಾಯ ಮಾಡಲೆಂದು ಚಿಂತಿಸುತ್ತಿರುವಾಗಲೇ ಸಿಕ್ಕಿಬೀಳುತ್ತದೆ. ಕತೆ ಕಟ್ಟಿದವನು ಯಾರಾದರೂ ಆಗಲಿ, ಬೆಕ್ಕನ್ನು ಬಲ್ಲವನು. ನಾಯಿಯ ಧೈರ್ಯ ಅದರ ಹಿಂಡಿನಲ್ಲಿ, ಎಮ್ಮೆಯ ಧೈರ್ಯ ಅದರ ಕೊಂಬಿನಲ್ಲಿ. ಬೆಕ್ಕಿನ ಧೈರ್ಯವೆಲ್ಲ ಎತ್ತರದಲ್ಲಿ ಮತ್ತು ಓಟದಲ್ಲಿದೆ. ಹಗ್ಗವು ಬೆಕ್ಕಿನಿಂದ ಕಸಿದುಕೊಳ್ಳುವುದು ಆ ಒಂದು ಉಪಾಯವನ್ನೇ.

ಆಳಂದವು ಲಾಡ್ಲೆ ಮಶಾಯಕರ ದರ್ಗಾದಿಂದ ಪ್ರಸಿದ್ಧವಾದ ಊರು. ಹಳೆಯ ಓಣಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇಂದಿಗೂ ಉಂಟು. ಗೋಡೆಗೆ ಗೋಡೆ ತಾಗಿದ ಮನೆಗಳಾದುದರಿಂದ ಮಾಳಿಗೆಯಿಂದ ಮಾಳಿಗೆಗೆ ಬೆಕ್ಕು ಓಣಿಯ ಉದ್ದಕ್ಕೂ ನೆಲ ಮುಟ್ಟದೆ ಸಂಚರಿಸಬಲ್ಲದು. ಅಲ್ಲಿ ಬೀದಿಗಳು ಎರಡು: ಕೆಳಗಿನದು ಮನುಷ್ಯರಿಗೂ ನಾಯಿಗಳಿಗೂ ಸೇರಿದ್ದು, ಮೇಲಿನದು ಬೆಕ್ಕುಗಳದು. ಊರಿನ ಬೆಕ್ಕುಗಳು ಈ ಒಪ್ಪಂದವನ್ನು ಎಂದೂ ಮೀರುವುದಿಲ್ಲ. ಬೆಂಗಳೂರಿನಿಂದ ಬಂದ ಮಗಳಿಗೆ ಅದು ತಿಳಿಯದು. ಒಂದು ಸಂಜೆ ಅವಳು ಬೆಳ್ಳಿಗೆ ಪಟ್ಟಿ ತೊಡಿಸಿ, ಕೆಳಗಿನ ಬೀದಿಗೇ ಇಳಿಸಿದಳು.

ಎದುರುಮನೆಯ ಕಟ್ಟೆಯ ಮೇಲೆ ಹೆಸರುಕಾಳು ಹಸನು ಮಾಡುತ್ತ ಕುಳಿತಿದ್ದ ಮುದುಕಿ ತಲೆಯೆತ್ತಿ ನೋಡಿದಳು.

"ಏ ತಂಗಿ, ಬೆಕ್ಕಿಗಿ ಯಾಕವ್ವಾ ಹಗ್ಗ ಹಾಕೀದಿ? ಹಾಲ ಕೊಡತದೇನು ಅದು?"

"ಇಲ್ಲ ಅಜ್ಜಿ, ವಾಕಿಂಗ್ ಕರೆದುಕೊಂಡು ಹೋಗೋದಕ್ಕೆ."

"ನಡಿಯೋದು ಬೆಕ್ಕಿಗಿ ಮಂದಿ ಕಲಸಬೇಕೇನವ್ವಾ?" ಎಂದು ಮುದುಕಿ ನಕ್ಕಳು.

ನಗುವಿಗೆ ಕಾರಣವಿತ್ತು. ಅದು ವೈಶಾಖದ ಸಂಜೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಆ ಸೀಮೆಯ ಹಗಲು 40 ಡಿಗ್ರಿ ದಾಟುವುದು ಸಾಮಾನ್ಯ. ಓಣಿಗೆ ಹಾಸಿದ್ದ ಶಹಾಬಾದ ಕಲ್ಲು ಸೂರ್ಯ ಇಳಿದ ಮೇಲೂ ಕಾವು ಬಿಟ್ಟಿರಲಿಲ್ಲ. ಬೆಕ್ಕಿಗೆ ಬೆವರುವ ಜಾಗಗಳು ಬಹು ಕಡಿಮೆ, ಅಂಗಾಲಿನ ಮೆತ್ತೆಗಳೇ ಅವುಗಳಲ್ಲಿ ಮುಖ್ಯ. ಆ ಅಂಗಾಲನ್ನೇ ಕಾದ ಕಲ್ಲಿನ ಮೇಲೆ ಇರಿಸಿದರೆ ಅದು ನಾಯಿಯಂತೆ ಬಾಯಿ ತೆರೆದು ಏದುಸಿರು ಬಿಡುತ್ತದೆ. ಬೆಕ್ಕು ಏದುಸಿರು ಬಿಟ್ಟಿತೆಂದರೆ ಅದು ಆಯಾಸದ ಗುರುತಾಗಿರದೆ ಅಪಾಯದ ಗುರುತಾಗಿರುತ್ತದೆ. ಅಂಗೈಯ ಹಿಂಬದಿಯನ್ನು ಏಳೆಣಿಸುವಷ್ಟು ಹೊತ್ತು ನೆಲಕ್ಕೆ ಒತ್ತಿ ಹಿಡಿಯಲಾಗದಿದ್ದರೆ ಆ ನೆಲ ಬೆಕ್ಕಿಗೆ ಸಲ್ಲದು ಎಂಬುದು ಸುಲಭವಾದ ಪರೀಕ್ಷೆ.

ಆ ದಿನ ಕಾವಿಗಿಂತ ದೊಡ್ಡ ಅಪಾಯವೊಂದು ಚಹಾದಂಗಡಿಯ ಬೆಂಚಿನ ಕೆಳಗೆ ಮಲಗಿತ್ತು. ಮೂರು ನಾಯಿಗಳು ಎದ್ದು ನಿಂತವು. ಅವುಗಳ ಮೇಲೆ ದೋಷ ಹೊರಿಸುವುದು ಸರಿಯಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ಬೀದಿನಾಯಿಗಳ ಸಂಖ್ಯೆ ಒಂದೂವರೆ ಕೋಟಿಯನ್ನು ಮೀರಿತ್ತು. ಅವುಗಳಿಗೆ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಮರಳಿ ಬಿಡಬೇಕೆಂಬ ಕ್ರಮವನ್ನು ಕೇಂದ್ರ ಸರ್ಕಾರದ 2001ರ ನಿಯಮಗಳೂ ಅವುಗಳ ಸ್ಥಾನದಲ್ಲಿ ಬಂದ 2023ರ ನಿಯಮಗಳೂ ವಿಧಿಸಿವೆ. ಓಣಿ ಅವುಗಳ ಮನೆ. ಎಂದೂ ನೆಲದ ಮೇಲೆ ಕಾಣದ ಬೆಕ್ಕು ಓಣಿಯ ನಡುವೆ ನಿಂತಿದ್ದರೆ ಅವು ವಿಚಾರಿಸದೆ ಬಿಡುವುದುಂಟೆ?

ಬೆಳ್ಳಿ ಮಾಳಿಗೆಯ ಕಡೆಗೆ ಹಾರಿತು. ದಾರ ಸೆಳೆಯಿತು, ಬೆಕ್ಕು ನೆಲಕ್ಕೆ ಬಿತ್ತು. ಮರುಕ್ಷಣದಲ್ಲಿ ಅದಕ್ಕೆ ಕಂಡ ಎತ್ತರ ಒಂದೇ, ಹಗ್ಗ ಹಿಡಿದ ಹುಡುಗಿ. ಲಂಗ, ರವಿಕೆ, ಹೆಗಲು, ಕೊರಳು ಎನ್ನದೆ ಉಗುರೂರಿ ಅವಳ ತಲೆಯ ಮೇಲೇರಿತು. ನಾಯಿಗಳು ಸುತ್ತುವರಿದವು. ಮುದುಕಿ ಕೈಯಲ್ಲಿದ್ದ ಮರವನ್ನು ಕಲ್ಲಿಗೆ ಬಡಿಯುತ್ತ ಎದ್ದು ಬಂದಳು. "ಹಚಾ! ಹಚಾ! ಬಾರವ್ವಾ ಲಗೂ, ಒಳಗ ಬಾ!" ಎಂದು ಹುಡುಗಿಯನ್ನು ತನ್ನ ಮನೆಯೊಳಕ್ಕೆ ಎಳೆದುಕೊಂಡು ಬಾಗಿಲು ಮುಚ್ಚಿದಳು. ಹಸನು ಮಾಡಿದ ಹೆಸರೆಲ್ಲ ಓಣಿಯ ಪಾಲಾಗಿತ್ತು.

ನಾಯಿಗಳು ಯಾರನ್ನೂ ಕಚ್ಚಿರಲಿಲ್ಲ. ಆದರೆ ಮಗಳ ಕೊರಳ ಮೇಲೆ ಬೆಳ್ಳಿಯ ಉಗುರಿನ ಐದು ಗೀರುಗಳೂ ಮುಂಗೈಯಲ್ಲಿ ಹಲ್ಲಿನ ಎರಡು ತೂತುಗಳೂ ಉಳಿದವು. ಹೆದರಿದ ಬೆಕ್ಕು ಹತ್ತಿರವಿದ್ದವರನ್ನು ಕಚ್ಚುತ್ತದೆ. ಅವರು ತನ್ನವರೆಂಬ ವಿವೇಚನೆ ಆ ಗಳಿಗೆಯಲ್ಲಿ ಅದಕ್ಕಿರುವುದಿಲ್ಲ. ಅದರ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಗಾಯ ಸಣ್ಣದಾಗಿ ಕಂಡರೂ ಕೀವುಗಟ್ಟುವುದು ಬೇಗ. ಅದರ ಬಾಯಿಯಲ್ಲಿ ವಾಸಿಸುವ ಸೂಕ್ಷ್ಮಾಣುವೊಂದಕ್ಕೆ ಲೂಯಿ ಪಾಶ್ಚರನ ಗೌರವಾರ್ಥವಾಗಿ ಪಾಶ್ಚುರೆಲ್ಲ ಎಂದೇ ಹೆಸರಿಟ್ಟಿದ್ದಾರೆ. ಅದೇ ಪಾಶ್ಚರನು 1885ರ ಜುಲೈಯಲ್ಲಿ ಹುಚ್ಚುನಾಯಿ ಕಡಿದ ಬಾಲಕನೊಬ್ಬನಿಗೆ ಮೊಟ್ಟಮೊದಲು ರೇಬೀಸಿನ ಲಸಿಕೆ ಹಾಕಿ ಉಳಿಸಿದನು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಬೆಕ್ಕಿಗೆ ಲಸಿಕೆ ಆಗಿದೆಯೇ ಎಂಬುದು. ಮನೆಯೊಳಗೇ ಇರುವ ಬೆಕ್ಕಿಗೆ ಲಸಿಕೆಯೇಕೆಂದು ಆ ಸಂಸಾರ ಅದನ್ನು ಹಾಕಿಸಿರಲಿಲ್ಲ. ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆಯುವುದು, ಆಮೇಲೆ ದಿನ ಲೆಕ್ಕ ಹಾಕಿ ನಾಲ್ಕು ಸಲ ಸೂಜಿ. ಲಕ್ಷಣ ತೋರಿದ ಮೇಲೆ ಬಹುತೇಕ ಬದುಕಿಲ್ಲದ ರೋಗದ ವಿಷಯದಲ್ಲಿ ವೈದ್ಯರು ಇನ್ನೇನು ತಾನೆ ಮಾಡಬೇಕು? ಮುಂದಿನ ವಾರ ಬೆಳ್ಳಿಯೂ ಪಶು ಆಸ್ಪತ್ರೆಯ ಮೇಜು ಹತ್ತಿತು.

ಅಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಬೆಕ್ಕುಗಳಿಗೆ ಪ್ಯಾನ್‌ಲ್ಯೂಕೋಪೀನಿಯಾ ಎಂಬ ವಾಂತಿಭೇದಿಯ ರೋಗವುಂಟು. ಅದರ ವಿಷಾಣು ಮಣ್ಣಿನಲ್ಲಿಯೂ ಧೂಳಿನಲ್ಲಿಯೂ ಒಂದು ವರ್ಷದವರೆಗೆ ಜೀವ ಹಿಡಿದಿರಬಲ್ಲದು, ಮನುಷ್ಯರ ಚಪ್ಪಲಿಗೆ ಅಂಟಿ ಮನೆಯೊಳಕ್ಕೂ ಬರಬಲ್ಲದು. ಹೊಸ್ತಿಲು ದಾಟದ ಬೆಕ್ಕಿಗೇ ಇಷ್ಟು ಭಯವಿರುವಾಗ, ದಾಟಿಸಬೇಕೆಂದಿರುವವರು ಪಟ್ಟಿ ಕೊಳ್ಳುವುದಕ್ಕೆ ಮೊದಲು ಲಸಿಕೆಯ ಚೀಟಿಯನ್ನು ನೋಡಿಕೊಳ್ಳಬೇಕು. ಬೀದಿಯಲ್ಲಿ ಹತ್ತಿದ ಚಿಗಟ ಉಣ್ಣೆಗಳಿಗೆ ನಾಯಿಯ ಔಷಧವನ್ನು ಬೆಕ್ಕಿಗೂ ಸವರುವವರುಂಟು. ನಾಯಿಗಳ ಕೆಲವು ಉಣ್ಣೆಮದ್ದುಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ಪ್ರಾಣಾಂತಕವಾದ ವಿಷ.

ಎರಡನೆಯ ಊರು ಅಫಜಲಪುರ. ಭೀಮೆಯ ನೀರಾವರಿಯ ಸೀಮೆ, ಕಬ್ಬು ಬೆಳೆಯುವ ಭೂಮಿ. ಸಂಸಾರಕ್ಕೆ ದೊರೆತ ಬಾಡಿಗೆ ಮನೆ ಊರಿನ ಅಂಚಿನಲ್ಲಿ, ಹಿತ್ತಿಲ ಬೇಲಿಯಾಚೆಗೆ ಹೊಲ. ಆಳಂದದ ಪಾಠವನ್ನು ಮಗಳು ಮರೆತಿರಲಿಲ್ಲ. ಈಗ ಅವಳ ಕೈಯಲ್ಲಿ ಹಗ್ಗದ ಜೊತೆಗೆ ಮುಚ್ಚಳವಿರುವ ಬೆತ್ತದ ಬುಟ್ಟಿಯೊಂದು ಇರುತ್ತಿತ್ತು. ಬೆಳ್ಳಿ ಹೊರಗೆ ಬರುತ್ತಿದ್ದುದೂ ಬುಟ್ಟಿಯಲ್ಲಿ, ಒಳಗೆ ಹೋಗುತ್ತಿದ್ದುದೂ ಬುಟ್ಟಿಯಲ್ಲಿ. ತನ್ನ ಕಾಲಿನಿಂದಲೇ ಹೊಸ್ತಿಲು ದಾಟುವ ರೂಢಿಯಾದ ಬೆಕ್ಕು ಬಾಗಿಲು ತೆರೆದಾಗಲೆಲ್ಲ ನುಗ್ಗಿ ಹೊರಡಲು ಕಲಿಯುತ್ತದೆಂದು ತಾಯಿ ಎಲ್ಲಿಯೋ ಓದಿದ್ದಳು. ಶ್ರಾದ್ಧದ ಕತೆಯಲ್ಲಿ ಬೆಕ್ಕಿನ ಸೆರೆಮನೆಯಾಗಿದ್ದ ಬುಟ್ಟಿ ಇಲ್ಲಿ ಅದರ ಕೋಟೆಯಾಯಿತು.

ಒಂದು ಮುಸ್ಸಂಜೆ ಬದುವಿನ ಹುಲ್ಲಿನಲ್ಲಿ ಇಲಿಯೊಂದು ಕಂಡಿತು. ಇಲಿಗೆ ಇರಬೇಕಾದ ಚುರುಕು ಅದಕ್ಕಿರಲಿಲ್ಲ, ಕುಡಿದವನಂತೆ ತೂರಾಡುತ್ತಿತ್ತು. ಬೆಳ್ಳಿ ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ಹೊಂಚಿತು. ಬೆಂಗಳೂರಿನಲ್ಲಿ ಕಿಟಕಿಯ ಗಾಜಿನಾಚೆಗೇ ಉಳಿದಿದ್ದ ಬೇಟೆ ಜನ್ಮದಲ್ಲಿ ಮೊದಲ ಸಲ ಎರಡು ಮಾರು ದೂರದಲ್ಲಿತ್ತು. ಹುಡುಗಿ ಒಂದು ಗಳಿಗೆ ನೋಡಿದಳು, ಆಮೇಲೆ ದಾರವನ್ನು ಮೆಲ್ಲನೆ ಮೊಟಕುಮಾಡುತ್ತ ಹೋಗಿ ಬೆಕ್ಕನ್ನು ಎತ್ತಿ ಬುಟ್ಟಿಗಿಟ್ಟಳು. ಹೊಲದವನು ಆಚೆಯಿಂದಲೇ ಕೂಗಿ ಹೇಳಿದನು: "ಛಲೋ ಮಾಡ್ದಿ ತಂಗಿ, ಇಲಿಗಿ ಮದ್ದು ಇಟ್ಟೀವಿ."

ಹೊಲಗಳಲ್ಲಿ ಇಲಿಗಳಿಗೆ ಇಡುವ ಜಿಂಕ್ ಫಾಸ್ಫೈಡ್ ಕರಿಪುಡಿಯನ್ನು ತಿಂದ ಇಲಿಯ ಹೊಟ್ಟೆಯಲ್ಲಿ ಅರಗದೆ ಉಳಿದ ವಿಷ, ಅದನ್ನು ತಿಂದ ಬೆಕ್ಕಿನ ಹೊಟ್ಟೆಯಲ್ಲಿ ಮತ್ತೆ ಕೆಲಸ ಆರಂಭಿಸುತ್ತದೆ. ತೊಗರಿ ಹತ್ತಿಗಳಿಗೆ ಸಿಂಪಡಿಸಿದ ಔಷಧ ಎಲೆಯಿಂದ ಅಂಗಾಲಿಗೂ, ಅಂಗಾಲನ್ನು ನೆಕ್ಕುವ ನಾಲಿಗೆಗೂ ಸಾಗುತ್ತದೆ. ಆದುದರಿಂದ ಹೊಲದಂಚಿನಲ್ಲಿ ಸುತ್ತಿ ಬಂದ ಬೆಕ್ಕಿನ ಕಾಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಅವಶ್ಯ. ಇಲಿಯಿದ್ದ ಕಡೆ ಹಾವಿರುವುದೂ ಸಹಜ. ನಾಗರ, ಕಟ್ಟುಹಾವು, ಕೊಳಕುಮಂಡಲಗಳು ಕತ್ತಲಾದ ಮೇಲೆ ಬದುವಿನ ಮೇಲೆ ಸಂಚರಿಸುತ್ತವೆ. ಕಟ್ಟಿದ ಬೆಕ್ಕು ಹಾವಿನಿಂದ ಹಿಂದಕ್ಕೆ ನೆಗೆಯಲು ಬೇಕಾದ ಜಾಗ ದಾರದ ಉದ್ದದಷ್ಟೇ.

ಆದರೂ ನ್ಯಾಯವಾಗಿ ಹೇಳಬೇಕಾದರೆ ಆ ಸಂಜೆ ಬೆಳ್ಳಿಯನ್ನು ಉಳಿಸಿದ್ದು ಹಗ್ಗವೇ. ಊರಿನ ಸ್ವತಂತ್ರ ಬೆಕ್ಕುಗಳಿಗೆ ಆ ಭಾಗ್ಯವಿಲ್ಲ. ಬೆಕ್ಕನ್ನು ಬಿಟ್ಟು ಸಾಕಿದರೆ ಯಾವ ತೊಂದರೆಯೂ ಇಲ್ಲವೆಂದು ಹಳ್ಳಿಯ ಹಿರಿಯರು ಹೇಳುವಾಗ, ತಿಂದ ವಿಷದಿಂದಲೂ ಗಾಲಿಯ ಕೆಳಗೂ ಸತ್ತ ಬೆಕ್ಕುಗಳ ಲೆಕ್ಕವನ್ನು ಯಾರೂ ಇಟ್ಟಿರುವುದಿಲ್ಲ. ಹಗ್ಗವನ್ನು ಹಳಿದರೆ ವಿಷಯ ಮುಗಿಯುವುದಿಲ್ಲ. ಹಗ್ಗ ಹಿಡಿದವರ ಕಣ್ಣು ಎಲ್ಲಿತ್ತು ಎಂಬುದನ್ನು ಕೇಳಬೇಕು.

ಅದೇ ತಾಲ್ಲೂಕಿನ ಗಾಣಗಾಪುರಕ್ಕೆ ಸಂಸಾರ ಒಮ್ಮೆ ದತ್ತಾತ್ರೇಯನ ದರ್ಶನಕ್ಕೆ ಹೋಯಿತು. ಬೆಳ್ಳಿಯನ್ನೂ ಕರೆದೊಯ್ಯೋಣವೆಂದು ಮಗಳು ಹಟ ಹಿಡಿದಳು. ದತ್ತನ ಚಿತ್ರವನ್ನು ನೋಡಿದವರಿಗೆಲ್ಲ ಅವನ ಪಾದದ ಬಳಿಯ ನಾಲ್ಕು ನಾಯಿಗಳು ಗೊತ್ತು, ಅವುಗಳನ್ನು ನಾಲ್ಕು ವೇದಗಳೆಂದು ಭಾವಿಸುತ್ತಾರೆ. ಆ ಕ್ಷೇತ್ರದಲ್ಲಿ ನಾಯಿಗೆ ಅನ್ನವಿಕ್ಕುವುದನ್ನು ಭಕ್ತರು ಪುಣ್ಯವೆಂದು ಬಗೆಯುತ್ತಾರೆ. "ವೇದಗಳ ಎದುರಿಗೆ ನಮ್ಮ ಬೆಕ್ಕು ಯಾವ ವಾದ ಹೂಡೀತು?" ಎಂದು ತಂದೆ ನಕ್ಕು, ಬೆಳ್ಳಿಯನ್ನು ಮನೆಯಲ್ಲಿಯೇ ಬಿಟ್ಟನು. ವಾಯುವಿಹಾರದ ಶಾಸ್ತ್ರದಲ್ಲಿ ಎಲ್ಲಿಗೆ ಹೋಗಬಾರದೆಂಬ ಜ್ಞಾನಕ್ಕೆ ಮೊದಲ ಸ್ಥಾನವಿದೆ.

ಅಷ್ಟು ತಿಳಿವಳಿಕೆಯಿಂದ ಮಾತನಾಡಿದ ಆ ತಂದೆಯೇ ಜೇವರ್ಗಿಯಲ್ಲಿ ಎಡವಿದನು.

ಜೇವರ್ಗಿಯನ್ನು ಹಾಯ್ದು ಬೀದರ, ಕಲಬುರಗಿ, ವಿಜಯಪುರಗಳ ಹೆದ್ದಾರಿ ಹೋಗುತ್ತದೆ. ಹಗಲಿರುಳೂ ಲಾರಿಗಳ ಓಡಾಟ. ಮಗಳಿಗೆ ಪರೀಕ್ಷೆಯ ಕಾಲವಾದುದರಿಂದ ಒಂದು ಬೆಳಗ್ಗೆ ತಂದೆ ಹಗ್ಗ ಹಿಡಿದನು. ಮನೆಯ ಮುಂದಿನ ಓಣಿಯಲ್ಲಿಯೇ ಹತ್ತು ಹೆಜ್ಜೆ ತಿರುಗಿಸಿ ಬರುವುದಕ್ಕೆ ಬುಟ್ಟಿ ಏಕೆಂದು ಅದನ್ನು ಒಳಗೇ ಬಿಟ್ಟನು. ಅಷ್ಟರಲ್ಲಿ ಕಚೇರಿಯಿಂದ ಕರೆ ಬಂದಿತು. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಮೊಬೈಲು. ಓಣಿಯ ತುದಿಯಲ್ಲಿ ಲಾರಿಯೊಂದು ಗಾಳಿಯ ಹಾರನ್ನು ಬಾರಿಸಿತು.

ಮನುಷ್ಯನ ಕಿವಿಗೆ ಎಟುಕದಷ್ಟು ಸೂಕ್ಷ್ಮವಾದ ದನಿಗಳನ್ನೂ ಬೆಕ್ಕಿನ ಕಿವಿ ಹಿಡಿಯುತ್ತದೆ. ಅಂಥ ಕಿವಿಗೆ ಆ ಹಾರನ್ನು ಎಂತಹ ಗುಡುಗಾಗಿರಬೇಕು! ಬೆಳ್ಳಿ ಮುಂದಕ್ಕೆ ಓಡಲಿಲ್ಲ. ಹಿಂದಕ್ಕೆ ಸರಿಯಿತು. ಪಟ್ಟಿಯ ದೌರ್ಬಲ್ಯವಿರುವುದೇ ಅಲ್ಲಿ. ಬೆಕ್ಕಿನ ಕೊರಳೆಲುಬು ಮನುಷ್ಯನಲ್ಲಿರುವಂತೆ ಉಳಿದ ಎಲುಬುಗಳಿಗೆ ಕೂಡಿಕೊಂಡಿರದೆ ಮಾಂಸದಲ್ಲಿ ಹುದುಗಿಕೊಂಡಿರುತ್ತದೆ. ತಲೆ ತೂರಿದ ಕಿಂಡಿಯಲ್ಲಿ ಅದರ ಹೆಗಲೂ ತೂರುವುದು ಇದರಿಂದಲೇ. ಮುಂದಿನಿಂದ ದಾರ ಬಿಗಿದಿರುವಾಗ ಅದು ತಲೆ ತಗ್ಗಿಸಿ, ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಹಿಂದೆ ಸರಿದರೆ, ಪಟ್ಟಿ ಅಂಗಿಯಂತೆ ಕಳಚಿಬರುತ್ತದೆ. ತಂದೆ ತಿರುಗಿ ನೋಡಿದಾಗ ಅವನ ಕೈಯಲ್ಲಿ ಹಗ್ಗವಿತ್ತು, ಹಗ್ಗದ ತುದಿಯಲ್ಲಿ ಬರಿಯ ಪಟ್ಟಿಯಿತ್ತು.

ಆ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ತಂದೆ ಬೈಕು ಹತ್ತಿ ಹೆದ್ದಾರಿಯ ಎರಡೂ ದಿಕ್ಕಿಗೆ ಹೋಗಿ ಹುಡುಕಿದನು. ರಸ್ತೆಯ ಮೇಲೆ ಬೂದುಬಣ್ಣದ ಚಿಂದಿ ಕಂಡಲ್ಲೆಲ್ಲ ಅವನ ಎದೆ ಧಸಕ್ಕೆಂದಿತು. ಮಗಳು ಪುಸ್ತಕ ಮುಚ್ಚಿಟ್ಟು ಬಾಗಿಲಲ್ಲಿ ಕುಳಿತಳು. ತಂದೆಯನ್ನು ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮನೆಯೊಳಗೆ ಬೆಳೆದ ಬೆಕ್ಕು ಬೆದರಿ ತಪ್ಪಿಸಿಕೊಂಡರೆ ಸಾಮಾನ್ಯವಾಗಿ ದೂರ ಹೋಗುವುದಿಲ್ಲ. ಹತ್ತಿರದ ಸಂದಿಯಲ್ಲಿ ಅಡಗಿ, ಕರೆದರೂ ಉತ್ತರ ಕೊಡದೆ, ಕೆಲವೊಮ್ಮೆ ದಿನಗಟ್ಟಲೆ ಕುಳಿತುಬಿಡುತ್ತದೆ. ಕೂಗುತ್ತ ಓಡಾಡುವವರು ಅದರ ಭಯವನ್ನು ಹೆಚ್ಚಿಸುತ್ತಾರೆ. ಎರಡನೆಯ ರಾತ್ರಿ, ಹೆದ್ದಾರಿಯ ಸದ್ದು ತುಸು ಇಳಿದ ಮೇಲೆ, ತಾಯಿ ಬ್ಯಾಟರಿಯ ದೀಪವನ್ನು ನೆಲದ ಮಟ್ಟದಲ್ಲಿ ಹಿಡಿದು ಮನೆಮನೆಯ ಹಿತ್ತಿಲನ್ನೂ ನೋಡುತ್ತ ಹೋದಳು. ಮೂರನೆಯ ಮನೆಯ ಹಿಂದೆ ಒಟ್ಟಿದ್ದ ತೊಗರಿಕಟ್ಟಿಗೆಯ ನಡುವೆ ಎರಡು ಹಸಿರು ಕಿಡಿಗಳು ಹೊಳೆದವು. ಅವಳು ಕೈ ಚಾಚಲಿಲ್ಲ. ಬುಟ್ಟಿಯ ಮುಚ್ಚಳ ತೆರೆದಿಟ್ಟು, ಮಗಳ ಹಳೆಯ ಶಾಲನ್ನು ಅದರಲ್ಲಿ ಹಾಸಿ, ಎರಡು ಮಾರು ದೂರದಲ್ಲಿ ಸುಮ್ಮನೆ ಕುಳಿತಳು. ಒಂದು ಗಂಟೆ ಕಳೆಯಿತು. ಆಮೇಲೆ ಬೆಳ್ಳಿ ಕಟ್ಟಿಗೆಯ ಸಂದಿಯಿಂದ ಇಳಿದು, ಸುತ್ತ ನೋಡಿ, ತಾನಾಗಿ ಬುಟ್ಟಿಯೊಳಕ್ಕೆ ಹೋಗಿ ಕುಳಿತಿತು.

ಈ ಮೂರು ಊರುಗಳ ಅನುಭವವನ್ನು ಒಟ್ಟುಮಾಡಿದರೆ ಕೆಲವು ಮಾತುಗಳು ಉಳಿಯುತ್ತವೆ. ಬೆಕ್ಕಿಗೆ ದಾರವನ್ನು ಕೊರಳಪಟ್ಟಿಗೆ ಎಂದೂ ಕಟ್ಟಬಾರದು, ಒಮ್ಮೆ ಜಿಗಿದರೆ ಅದು ಉರುಲಾಗುತ್ತದೆ. ಎದೆಪಟ್ಟಿ ಮತ್ತು ಮೈಯ ನಡುವೆ ಒಂದೆರಡು ಬೆರಳು ಮಾತ್ರ ತೂರುವಷ್ಟು ಬಿಗಿಯಿರಬೇಕು, ಪ್ರತಿಸಲವೂ ಅದನ್ನು ನೋಡಬೇಕು. ಹೊಸ ಪಟ್ಟಿಯನ್ನು ಕೆಲವು ದಿನ ಅನ್ನದ ತಟ್ಟೆಯ ಬಳಿ ಇಟ್ಟು ಮೂಸಲು ಬಿಡಬೇಕು, ಆಮೇಲೆ ಮನೆಯೊಳಗೇ ಐದು ನಿಮಿಷ, ಹತ್ತು ನಿಮಿಷವೆಂದು ತೊಡಿಸಬೇಕು. ತೊಡಿಸಿದೊಡನೆ ಮೈ ಚೆಲ್ಲಿ ಮಲಗಿ ಏಳದ ಬೆಕ್ಕುಗಳೂ ಉಂಟು. ವಾರಗಳು ಕಳೆದರೂ ಅದು ಹಾಗೆಯೇ ಇದ್ದರೆ ತನಗೆ ವಾಯುವಿಹಾರ ಬೇಡವೆಂದು ಅದು ಅರ್ಜಿ ಕೊಟ್ಟಂತೆ, ಅದನ್ನು ಮಂಜೂರು ಮಾಡುವುದೇ ಧರ್ಮ.

ಬೆಕ್ಕನ್ನು ಹೊರಗೆ ಕಂಬಕ್ಕೆ ಕಟ್ಟಿ ಮನುಷ್ಯರು ಒಳಗೆ ಹೋಗುವಂತಿಲ್ಲ. ಮಾಳಿಗೆಯ ಮೇಲೂ ಮೈಮರೆಯುವಂತಿಲ್ಲ. ಬೀಳುವ ಬೆಕ್ಕು ಗಾಳಿಯಲ್ಲಿಯೇ ತಿರುಗಿ ಕಾಲಿನ ಮೇಲೆ ನಿಲ್ಲುವ ಬಗೆಯನ್ನು ಫ್ರಾನ್ಸಿನ ಮಾರೇ ಎಂಬ ವಿಜ್ಞಾನಿ 1894ರಲ್ಲಿ ಸರಣಿ ಚಿತ್ರಗಳಲ್ಲಿ ಹಿಡಿದು ಲೋಕವನ್ನು ಬೆರಗುಗೊಳಿಸಿದನು. ಆದರೆ ಅವನ ಬೆಕ್ಕಿಗೆ ಹಗ್ಗವಿರಲಿಲ್ಲ. ಹಗ್ಗವಿರುವ ಬೆಕ್ಕು ಗೋಡೆಯಾಚೆಗೆ ಜಿಗಿದರೆ ನಡುವೆಯೇ ತೂಗುತ್ತದೆ.

ಜೇವರ್ಗಿಯ ಆ ಮನೆಯಲ್ಲಿ ಈಗ ಓಣಿಯ ತಿರುಗಾಟ ನಿಂತಿದೆ. ಮಾಳಿಗೆಯ ಕೈಪಿಡಿಗೋಡೆಯ ಮೇಲೆ ಆಳೆತ್ತರದ ಬಲೆ ಕಟ್ಟಿಸಿದ್ದಾರೆ. ಮುಂಜಾನೆ, ಕಲ್ಲು ಇನ್ನೂ ತಂಪಾಗಿರುವಾಗ, ಬೆಳ್ಳಿ ಅ‍ಲ್ಲಿ ಹಗ್ಗವಿಲ್ಲದೆ ಅಡ್ಡಾಡುತ್ತದೆ. ಪಟ್ಟಿ ಮೊಳೆಗೆ ತೂಗುಬಿದ್ದಿದೆ. ಪಶು ಆಸ್ಪತ್ರೆಗೆ ಹೋಗುವ ದಿನ ಮಾತ್ರ ಅದು ಇಳಿಯುತ್ತದೆ, ಆ ದಿನವೂ ಬುಟ್ಟಿಯೊಳಗಿನ ಬೆಕ್ಕಿನ ಮೈಮೇಲೆ ಎರಡನೆಯ ಕಾವಲಾಗಿ. ಎಲ್ಲರಿಗೂ ಬಲೆ ಕಟ್ಟಿಸುವಷ್ಟು ಮಾಳಿಗೆ ಇರುವುದಿಲ್ಲ ನಿಜ. ಗೋಡೆಯುಳ್ಳ ಹಿತ್ತಿಲು, ಜನರಿಲ್ಲದ ಹೊತ್ತಿನ ಅಂಗಳ, ಕಿಟಕಿಯ ಬಳಿ ಎತ್ತರದಲ್ಲೊಂದು ಹಲಗೆ, ಇವುಗಳಿಂದಲೂ ಬೆಕ್ಕು ತೃಪ್ತಿಪಡಬಲ್ಲದು. ಬೀದಿಗೇ ಒಯ್ಯಬೇಕೆಂದರೆ ಒಯ್ಯಲಿ. ಆದರೆ ಮರ ಹತ್ತುವ ಪ್ರಾಣಿಯನ್ನು ಮರವಿಲ್ಲದ ಕಡೆಗೆ ಕರೆದೊಯ್ಯುವಾಗ ಹಗ್ಗದ ಈಚೆಯ ತುದಿಯಲ್ಲಿರುವವರೇ ಅದಕ್ಕೆ ಮರವಾಗಿ ನಿಲ್ಲಬೇಕಾಗುತ್ತದೆ. ಹಾಗೆ ನಿಲ್ಲಲು ಬಿಡುವಿಲ್ಲದ ದಿನ, ಹಗ್ಗ ಮೊಳೆಯ ಮೇಲೆಯೇ ಇರಲಿ.